ಮಾರಿಹೋದ ಹುಲ್ಲನ್ನ ಗೂಗಲ್ ಇನ್ನೂ ತೋರಿಸ್ತಿದ್ರೆ? ಖರೀದಿ-ಮಾರಾಟದ ಸೈಟ್‌ಗೆ ಸೈಟ್‌ಮ್ಯಾಪ್, ಎಸ್‌ಇಒ

ಹೋದ ಬೇಸಿಗೆಯ ಮಾತು. ಬೆಳಿಗ್ಗೆ ತೆಂಗಿನ ಪಾತಿಗೆ ಗೊಬ್ಬರ ಹಾಕಿಸ್ತಾ ಇದ್ದೆ, ಫೋನ್ ಬಂತು. ಬೇಲೂರು ಕಡೆಯ ರೈತರೊಬ್ಬರು. ರಾಗಿ ಹುಲ್ಲು ತುಂಬ್ಕೊಂಡು ಹೋಗೋಕೆ ಬಾಡಿಗೆ ಗಾಡಿ ಮಾಡ್ಕೊಂಡು ಗಂಡಸಿ ಹ್ಯಾಂಡ್‌ಪೋಸ್ಟ್‌ಗೆ ಬಂದು ನಿಂತಿದ್ದರು. ಜಾಹೀರಾತಿನಲ್ಲಿದ್ದ ನಂಬರಿಗೆ ಹಿಂದಿನ ದಿನ ಎರಡು ಸಲ ಮಾಡಿದ್ದರಂತೆ, ರಿಂಗ್ ಆಗಿದೆ, ಎತ್ತಿಲ್ಲ. ಮನೇಲಿ ಹಸುಗಳಿಗೆ ಮೇವು ಮುಗಿದಿತ್ತು. ಊರಿನ ಹೆಸರಿದೆ, ಫೋಟೋ ಇದೆ, ಹೋಗಿ ಕೇಳಿದ್ರಾಯ್ತು ಅಂತ ಹೊರಟುಬಿಟ್ಟಿದ್ದರು. ಸೈಟ್‌ನ ಕೆಳಗಡೆ ನನ್ನ ನಂಬರ್ ಇತ್ತಲ್ಲ, ಕೊನೆಗೆ ನನಗೆ ಮಾಡಿದರು.

ಆ ಹುಲ್ಲು ಮಾರಿಹೋಗಿ ಒಂದೂವರೆ ತಿಂಗಳಾಗಿತ್ತು. "ಅಲ್ಲ ಕಣಪ್ಪ, ಗೂಗಲ್‌ನಲ್ಲಿ ಹಾಕಿದ ತಕ್ಷಣ ನಿಮ್ದೇ ಮೊದ್ಲು ಬಂತು, ಐತೆ ಅಂತ್ಲೇ ತೋರಿಸ್ತು" ಅಂದರು. ಬೈದಿದ್ರೆ ಪರವಾಗಿರ್ಲಿಲ್ಲ, ಬೈಯಲೂ ಇಲ್ಲ. ಅವತ್ತು ನಾನೇ ಬೈಕ್ ತಗೊಂಡು ಹೋಗಿ, ಅಕ್ಕಪಕ್ಕದ ಊರಲ್ಲಿ ಕೇಳಿ ಅರ್ಧ ಲೋಡ್ ಹುಲ್ಲು ಕೊಡಿಸಿದೆ. ಬಾಡಿಗೆಯ ಅರ್ಧ ನಾನು ಕೊಡ್ತೀನಿ ಅಂದ್ರೆ ತಗೊಳ್ಳಲಿಲ್ಲ.

ನಾನು ಮೂಡಿಗೆರೆಯಲ್ಲಿ ತೋಟಗಾರಿಕೆ ಓದಿ, ಊರಿಗೆ ಬಂದು ಸಾವಯವ ತೋಟ ಮಾಡ್ತಿರೋನು. ಕಂಪ್ಯೂಟರ್ ಓದಿದೋನಲ್ಲ. ಜೊತೆಗೆ ಓದಿದ ಇಬ್ಬರು ಸೇರಿ ನಮ್ಮ ಸುತ್ತಿನ ಹಳ್ಳಿಗಳಿಗೆ ಅಂತ ಒಂದು ಸಣ್ಣ ಖರೀದಿ-ಮಾರಾಟದ ಸೈಟ್ ಶುರು ಮಾಡಿದ್ವಿ: ತೆಂಗಿನ ಸಸಿ, ಹಸು-ಕರು, ಹುಲ್ಲು, ಕೊಟ್ಟಿಗೆ ಗೊಬ್ಬರ, ಹಳೇ ಟಿಲ್ಲರು, ಡ್ರಿಪ್ ಪೈಪು. ಅರಸೀಕೆರೆಯ ಐದೂ ಹೋಬಳಿ, ಆಮೇಲೆ ಬೇಲೂರು, ಹಳೇಬೀಡು, ತಿಪಟೂರು ಕಡೆಯೋರೂ ಹಾಕೋಕೆ ಶುರು ಮಾಡಿದರು. ಗೂಗಲ್‌ನಲ್ಲಿ ಮೇಲೆ ಬರ್ಬೇಕು ಅಂತ ಒದ್ದಾಡಿದ್ವಿ, ಬಂತು ಕೂಡ. ಆದ್ರೆ ಮೇಲೆ ಬಂದಿದ್ದು ಸತ್ತ ಜಾಹೀರಾತುಗಳು. ಆ ಒಂದು ಗಾಡಿ ಬಂದ ಮೇಲೆ ಒಂದು ತಿಂಗಳು ಕೂತು ಏನು ತಪ್ಪಾಯ್ತು ಅಂತ ಹುಡುಕಿದೆ. ನಿಮ್ಮಲ್ಲಿ ಸುಮಾರು ಜನ ಎಫ್‌ಪಿಒಗೋ, ಊರಿನ ಯುವಕರ ಸಂಘಕ್ಕೋ ಇಂಥದ್ದೊಂದು ಸೈಟ್ ಮಾಡ್ತಿದೀರಿ, ಅದಕ್ಕೇ ಈ ವಾರ ಇದನ್ನ ಬರೀತಿದೀನಿ.

ಸೈಟ್‌ಮ್ಯಾಪ್ ಅಂದ್ರೆ ಕೈಮರ

ಹ್ಯಾಂಡ್‌ಪೋಸ್ಟ್ ಅನ್ನೋ ಹೆಸರು ನಮ್ಮ ಕಡೆ ತುಂಬಾ ಕೂಡುರಸ್ತೆಗಳಿಗಿದೆ. ಹಳಬರು ಕೈಮರ ಅಂತಾರೆ. ಕಂಬಕ್ಕೆ ಕೈ ಥರ ಹಲಗೆ ಹೊಡೆದು, ಈ ಕಡೆ ಹೋದ್ರೆ ಇಂಥ ಊರು ಅಂತ ಬರೆದಿರೋದು. ಸೈಟ್‌ಮ್ಯಾಪ್ ಕೂಡ ಅಷ್ಟೇ. ನಿಮ್ಮ ಸೈಟ್‌ನಲ್ಲಿ ಇಂತಿಂಥ ಪುಟ ಇದೆ, ಇಂಥ ದಿನ ಬದಲಾಗಿದೆ ಅಂತ ಹುಡುಕುಯಂತ್ರಕ್ಕೆ ಹೇಳೋ ಒಂದು ಪಟ್ಟಿ. ಎಕ್ಸ್‌ಎಂಎಲ್ ಅನ್ನೋ ರೂಪದಲ್ಲಿರುತ್ತೆ. ಓದುಗರಿಗಲ್ಲ, ಗೂಗಲ್‌ಬಾಟ್ ಥರದ ಯಂತ್ರಗಳಿಗೆ. ಗೂಗಲ್ ಇದನ್ನ 2005ರ ಜೂನ್‌ನಲ್ಲಿ ತಂತು, 2006ರ ನವೆಂಬರ್‌ನಲ್ಲಿ ಯಾಹೂ, ಮೈಕ್ರೋಸಾಫ್ಟ್ ಕೂಡ ಒಪ್ಕೊಂಡವು. ಹಾಗಾಗಿ ಒಂದೇ ಪಟ್ಟಿ ಎಲ್ಲರಿಗೂ ಆಗುತ್ತೆ.

ಕೈಮರ ಇದ್ದಮಾತ್ರಕ್ಕೆ ಬಸ್ಸು ಆ ಊರಿಗೆ ಹೋಗ್ಲೇಬೇಕು ಅಂತಿಲ್ಲ. ಸೈಟ್‌ಮ್ಯಾಪ್‌ನಲ್ಲಿ ಹಾಕಿದ ಪುಟವನ್ನೆಲ್ಲ ಗೂಗಲ್ ತೋರಿಸುತ್ತೆ ಅನ್ನೋದೂ ಸುಳ್ಳು. ಅದು ಬರೀ ಸೂಚನೆ. ಇನ್ನೂ ಒಂದು ಮಾತು: 500 ಪುಟದೊಳಗಿನ, ಒಂದಕ್ಕೊಂದು ಸರಿಯಾಗಿ ಲಿಂಕ್ ಇರೋ ಸಣ್ಣ ಸೈಟ್‌ಗೆ ಸೈಟ್‌ಮ್ಯಾಪ್ ಇಲ್ಲದಿದ್ರೂ ನಡೆಯುತ್ತೆ ಅಂತ ಗೂಗಲ್ಲೇ ಹೇಳುತ್ತೆ. ಆದ್ರೆ ಕ್ಲಾಸಿಫೈಡ್ ಸೈಟ್‌ನ ಕಥೆ ಬೇರೆ. ಬೆಳೆ ಬಗ್ಗೆ ಬರೆದ ಲೇಖನ ಐದು ವರ್ಷ ಇದ್ರೂ ಕೆಡಲ್ಲ. ಜಾಹೀರಾತು ಕೊಯ್ದ ಸೊಪ್ಪಿನ ಹಾಗೆ. ಇವತ್ತು ಹುಟ್ಟುತ್ತೆ, ಹದಿನೈದು ದಿನಕ್ಕೆ ಸಾಯುತ್ತೆ. ಹುಟ್ಟಿದ್ದನ್ನೂ ಸತ್ತಿದ್ದನ್ನೂ ಎರಡನ್ನೂ ಗೂಗಲ್‌ಗೆ ತಿಳಿಸಬೇಕು. ಎಲ್ಲರೂ ಹುಟ್ಟಿದ್ದನ್ನ ಮಾತ್ರ ತಿಳಿಸ್ತಾರೆ. ನಾವೂ ಅದೇ ಮಾಡಿದ್ದು.

ಗೂಗಲ್ ಸರ್ಚ್ ಕನ್ಸೋಲ್ ಅಂತ ಒಂದು ಉಚಿತ ಸೌಲಭ್ಯ ಇದೆ, ಫೋನಿನಲ್ಲೇ ನೋಡಬಹುದು. ಅದನ್ನ ತೆಗೆದು ನೋಡಿದ್ರೆ, ನಮ್ಮಲ್ಲಿ ನಿಜವಾಗಿ ಜೀವಂತ ಇದ್ದ ಜಾಹೀರಾತು 200 ಕೂಡ ಇರ್ಲಿಲ್ಲ, ಸೈಟ್‌ಮ್ಯಾಪ್‌ನಲ್ಲಿ ಮಾತ್ರ 1,000ದ ಹತ್ತಿರ ಪುಟ ಕೂತಿದ್ವು. ಮಾರಿದ ಹಸು, ಮುಗಿದ ಹುಲ್ಲು, ಎರಡೆರಡು ಸಲ ಹಾಕಿದ ಟಿಲ್ಲರು. ಇಲ್ಲದ ಊರಿಗೆ ಕೈ ತೋರಿಸೋ ಕೈಮರ.

ತಾರೀಖಿನ ಸುಳ್ಳು

ಪಟ್ಟಿಯಲ್ಲಿ ಪ್ರತಿ ಪುಟದ ಮುಂದೆ "ಲಾಸ್ಟ್‌ಮಾಡ್" ಅಂತ ಒಂದು ಜಾಗ ಇರುತ್ತೆ. ಪುಟ ಕೊನೆಯದಾಗಿ ಬದಲಾದ ದಿನ. ನಮ್ಮ ಸ್ನೇಹಿತ ಒಂದು ಕಿತಾಪತಿ ಮಾಡಿದ್ದ: ಪ್ರತಿ ರಾತ್ರಿ ಎಲ್ಲ ಪುಟಕ್ಕೂ ಅವತ್ತಿನ ತಾರೀಖೇ ಬೀಳೋ ಹಾಗೆ. ಎಲ್ಲ ಹೊಸದು ಅಂತ ಗೂಗಲ್ ಓಡೋಡಿ ಬರುತ್ತೆ ಅನ್ನೋ ಲೆಕ್ಕ. ಮೊನ್ನೆಯ ಹಾಲಿಗೆ ಇವತ್ತಿನ ಚೀಟಿ ಅಂಟಿಸಿದ ಹಾಗೆ. ಈ ತಾರೀಖು ಯಾವಾಗಲೂ ನಿಜ ಅಂತ ಗೊತ್ತಾದ್ರೆ ಮಾತ್ರ ಗೂಗಲ್ ಬಳಸುತ್ತೆ, ಇಲ್ಲಾಂದ್ರೆ ಪಕ್ಕಕ್ಕಿಡುತ್ತೆ. ಆಮೇಲೆ ನೀವು ನಿಜ ಹೇಳಿದ್ರೂ ಕೇಳೋರಿಲ್ಲ. ಈಗ ನಮ್ಮಲ್ಲಿ ಬೆಲೆ ಬದಲಾದ್ರೆ, ವಿವರ ಅಥವಾ ಫೋಟೋ ಬದಲಾದ್ರೆ ಮಾತ್ರ ತಾರೀಖು ಬದಲಾಗುತ್ತೆ. ಪುಟದ ಕೆಳಗಿನ ಯಾವುದೋ ಬ್ಯಾನರ್ ಬದಲಾಯಿಸಿದ್ದಕ್ಕೆಲ್ಲ ಅಲ್ಲ.

ಅದೇ ಪಟ್ಟಿಯಲ್ಲಿ "ಪ್ರಯಾರಿಟಿ", "ಚೇಂಜ್‌ಫ್ರೀಕ್" ಅಂತ ಇನ್ನೆರಡು ಇರ್ತವೆ. ಗೂಗಲ್ ಎರಡನ್ನೂ ಲೆಕ್ಕಕ್ಕೇ ತಗೊಳ್ಳಲ್ಲ. ಅದರ ಮೇಲೆ ತಲೆ ಕೆಡಿಸ್ಕೋಬೇಡಿ. ಹಳೇ ವಿಡಿಯೋಗಳಲ್ಲಿ "ಸೈಟ್‌ಮ್ಯಾಪ್ ಪಿಂಗ್ ಮಾಡಿ" ಅಂತ ಹೇಳ್ತಾರಲ್ಲ, ಅದನ್ನೂ ಗೂಗಲ್ 2023ರಲ್ಲಿ ನಿಲ್ಲಿಸಿತು. ಸರ್ಚ್ ಕನ್ಸೋಲ್‌ನಲ್ಲಿ ಒಂದು ಸಲ ಸೇರಿಸಿ, ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಫೈಲಿನಲ್ಲಿ ಒಂದು ಸಾಲು ಸೈಟ್‌ಮ್ಯಾಪ್‌ನ ವಿಳಾಸ ಬರೆದ್ರೆ ಸಾಕು. ವರ್ಡ್‌ಪ್ರೆಸ್‌ನಲ್ಲಿ ಮಾಡಿದ್ದೀರಿ ಅಂದ್ರೆ 2020ರಲ್ಲಿ ಬಂದ 5.5 ಆವೃತ್ತಿಯಿಂದ ಸೈಟ್‌ಮ್ಯಾಪ್ ತಾನಾಗೇ ತಯಾರಾಗುತ್ತೆ. ಆದ್ರೆ ಅದಕ್ಕೆ ನಿಮ್ಮ ಹುಲ್ಲು ಮಾರಿಹೋಗಿದ್ದು ಗೊತ್ತಾಗಲ್ಲ, ಅದನ್ನ ನೀವೇ ಹೇಳಿಕೊಡಬೇಕು.

ಒಂದು ಫೈಲಿನಲ್ಲಿ 50,000 ವಿಳಾಸ, ಗಾತ್ರ 50 ಎಂಬಿ, ಇದು ಮಿತಿ. ನಮ್ಮಂಥೋರು ಆ ಮಿತಿ ಮುಟ್ಟೋದೇ ಇಲ್ಲ. ಆದ್ರೂ ಬೇರೆ ಬೇರೆ ಫೈಲ್ ಮಾಡ್ಕೊಳ್ಳೋದು ಒಳ್ಳೇದು: ಜಾನುವಾರಿಗೆ ಒಂದು, ಸಸಿಗೆ ಒಂದು, ಯಂತ್ರಕ್ಕೆ ಒಂದು, ಶಾಶ್ವತ ಪುಟಗಳಿಗೆ ಒಂದು. ಎಲ್ಲವನ್ನೂ ಒಂದು ಸೈಟ್‌ಮ್ಯಾಪ್ ಇಂಡೆಕ್ಸ್‌ಗೆ ಕಟ್ಟಿ. ಆಗ ಸರ್ಚ್ ಕನ್ಸೋಲ್‌ನಲ್ಲಿ ಯಾವ ವಿಭಾಗ ಗೂಗಲ್‌ಗೆ ಸೇರ್ತಿಲ್ಲ ಅಂತ ಬೇರೆ ಬೇರೆಯಾಗಿ ಕಾಣುತ್ತೆ.

ಮಾರಿಹೋದ ಮೇಲೆ ಏನು ಮಾಡ್ಬೇಕು

ಇದೇ ಮುಖ್ಯ. ಇಲ್ಲಿ ನಾವು ಮೂರು ತಪ್ಪು ಮಾಡಿದ್ವಿ.

ಮೊದಲನೇದು, ಮಾರಿದ ಜಾಹೀರಾತನ್ನ ಒತ್ತಿದ್ರೆ ಮುಖಪುಟಕ್ಕೆ ಹೋಗೋ ಹಾಗೆ ಮಾಡಿದ್ವಿ. ಹುಲ್ಲು ಹುಡುಕ್ಕೊಂಡು ಬಂದೋರಿಗೆ ಮುಖಪುಟದಲ್ಲಿ ಹಳೇ ಟ್ರ್ಯಾಕ್ಟರ್ ಫೋಟೋ ಕಂಡ್ರೆ ಏನು ಉಪಯೋಗ? ಗೂಗಲ್ ಇಂಥದ್ದನ್ನ ಸಾಫ್ಟ್ 404 ಅಂತ ಕರೆಯುತ್ತೆ, ಅಂದ್ರೆ ಇಲ್ಲದ ಪುಟವನ್ನ ಇದೆ ಅಂತ ನಟಿಸೋದು. ಎರಡನೇದು, ಗೂಗಲ್‌ಗೆ ಕಾಣದಿರಲಿ ಅಂತ ರೋಬೋಟ್ಸ್ ಫೈಲಿನಲ್ಲಿ ಆ ಪುಟಗಳಿಗೆ ತಡೆ ಹಾಕಿದ್ವಿ. ಇದು ಪೂರಾ ಉಲ್ಟಾ. ತಡೆ ಹಾಕಿದ್ರೆ ಗೂಗಲ್‌ಬಾಟ್ ಒಳಗೇ ಬರಲ್ಲ. ಒಳಗೆ ಬರದಿದ್ರೆ "ಈ ಪುಟ ತೋರಿಸ್ಬೇಡ" ಅನ್ನೋ ನೋಇಂಡೆಕ್ಸ್ ಸೂಚನೆಯನ್ನ ಓದೋದೂ ಇಲ್ಲ. ಹಳೇ ವಿಳಾಸ ಹಾಗೇ ತೂಗ್ತಾ ಇರುತ್ತೆ. ಮೂರನೇದು, ಸರ್ಚ್ ಕನ್ಸೋಲ್‌ನ ರಿಮೂವಲ್ ಸೌಲಭ್ಯದಲ್ಲಿ ಒಂದಷ್ಟು ಪುಟ ತೆಗೆಸಿ ನಿಟ್ಟುಸಿರು ಬಿಟ್ವಿ. ಅದು ಸುಮಾರು ಆರು ತಿಂಗಳು ಮರೆಮಾಡುತ್ತೆ ಅಷ್ಟೇ. ಪುಟ ಇದ್ದಲ್ಲೇ ಇದ್ರೆ ತಿರುಗಿ ಬರುತ್ತೆ.

ಈಗ ಮಾಡ್ತಿರೋದು ಹೀಗೆ. ಜಾಹೀರಾತು ಹಾಕುವಾಗಲೇ ಅದಕ್ಕೆ ಆಯಸ್ಸು ಕೊಡ್ತೀವಿ. ಹಸು, ಎತ್ತು, ಕುರಿಗೆ 15 ದಿನ. ಹುಲ್ಲು, ಗೊಬ್ಬರಕ್ಕೆ 30. ಯಂತ್ರಕ್ಕೆ 45. ಸಸಿಗೆ 60. ಇದು ನಮ್ಮ ಅಂದಾಜು, ನಿಮ್ಮ ಕಡೆ ಬೇರೆ ಇರಬಹುದು. ಪುಟದ ಒಳಗೆ "ಅನ್‌ಅವೈಲಬಲ್ ಆಫ್ಟರ್" ಅನ್ನೋ ಸೂಚನೆಯಲ್ಲಿ ಆ ತಾರೀಖನ್ನ ಬರೆದ್ರೆ, ಅದು ದಾಟಿದ ಮೇಲೆ ಗೂಗಲ್ ಆ ಪುಟವನ್ನ ಫಲಿತಾಂಶದಿಂದ ತೆಗೆಯುತ್ತೆ. ಆಯಸ್ಸು ಮುಗಿಯೋಕೆ ಎರಡು ದಿನ ಮುಂಚೆ ಹಾಕಿದೋರಿಗೆ ವಾಟ್ಸಾಪ್ ಸಂದೇಶ ಹೋಗುತ್ತೆ: "ಅಣ್ಣ, ಹುಲ್ಲು ಇನ್ನೂ ಐತಾ?" ಇದೆ ಅಂದ್ರೆ ಮುಂದುವರಿಯುತ್ತೆ, ತಾರೀಖೂ ಬದಲಾಗುತ್ತೆ. ಉತ್ತರ ಬರಲಿಲ್ಲ ಅಂದ್ರೆ ಜಾಹೀರಾತು ಇಳಿಯುತ್ತೆ.

ಇಳಿದ ಪುಟದಲ್ಲಿ ದೊಡ್ಡದಾಗಿ "ಮಾರಾಟವಾಗಿದೆ" ಅಂತ ಬರುತ್ತೆ, ನಂಬರ್ ಹೋಗುತ್ತೆ, ಕೆಳಗೆ ಅದೇ ಹೋಬಳಿಯ ಬೇರೆ ಹುಲ್ಲಿನ ಜಾಹೀರಾತು ಕಾಣ್ತವೆ, ಜೊತೆಗೆ ನೋಇಂಡೆಕ್ಸ್ ಬೀಳುತ್ತೆ. ಒಂದು ತಿಂಗಳಾದ ಮೇಲೆ ಪುಟ ಪೂರ್ತಿ ತೆಗೆದು 410 ಉತ್ತರ ಕೊಡ್ತೀವಿ, ಅಂದ್ರೆ "ಇಲ್ಲಿತ್ತು, ಈಗಿಲ್ಲ, ಇನ್ನು ಬರಲ್ಲ" ಅಂತ. 404 ಕೊಟ್ರೂ ನಡೆಯುತ್ತೆ. ಜಾಹೀರಾತು ಇಳಿದ ಕ್ಷಣವೇ ಸೈಟ್‌ಮ್ಯಾಪ್‌ನಿಂದಲೂ ವಿಳಾಸ ಹೋಗ್ಬೇಕು. ಆದ್ರೆ ಸೈಟ್‌ಮ್ಯಾಪ್‌ನಿಂದ ತೆಗೆದ ಮಾತ್ರಕ್ಕೆ ಗೂಗಲ್‌ನಿಂದ ಹೋಗಲ್ಲ ಅನ್ನೋದು ನೆನಪಿರಲಿ. ಪುಟವೇ ಉತ್ತರ ಹೇಳಬೇಕು.

ಇಷ್ಟಾದ್ರೂ ಗೂಗಲ್ ಮತ್ತೆ ಬಂದು ನೋಡೋವರೆಗೂ ಕೆಲವು ದಿನ ಹಳೇದು ಕಾಣಬಹುದು. ಅದಕ್ಕೇ ಶೀರ್ಷಿಕೆಯಲ್ಲೇ ತಿಂಗಳು ಬರೆಸ್ತೀವಿ. "ರಾಗಿ ಹುಲ್ಲು, ಗಂಡಸಿ ಹೋಬಳಿ, ಮಾರ್ಚ್" ಅಂತಿದ್ರೆ ಮೇ ತಿಂಗಳಲ್ಲಿ ನೋಡಿದೋರು ಗಾಡಿ ಹತ್ತೋ ಮುಂಚೆ ಒಂದು ಸಲ ಯೋಚನೆ ಮಾಡ್ತಾರೆ.

ಸಾಯದ ಪುಟಗಳು

ಜಾಹೀರಾತು ಸಾಯುತ್ತೆ ಸರಿ, ಹಾಗಾದ್ರೆ ಗೂಗಲ್‌ನಲ್ಲಿ ಮೇಲೆ ಬರೋದು ಯಾವುದು? "ಅರಸೀಕೆರೆ ತಾಲ್ಲೂಕಿನಲ್ಲಿ ತೆಂಗಿನ ಸಸಿ", "ಬೇಲೂರು ಕಡೆ ಹಸು ಮಾರಾಟಕ್ಕೆ" ಅನ್ನೋ ಥರದ ವಿಭಾಗದ ಪುಟಗಳು. ಒಳಗಿನ ಜಾಹೀರಾತು ಬದಲಾಗ್ತಾ ಇರುತ್ತೆ, ವಿಳಾಸ ಹಾಗೇ ಇರುತ್ತೆ. ಅಂಗಡಿ ಅದೇ, ಸರಕು ಹೊಸದು. ನಿಮ್ಮ ಶ್ರಮವನ್ನೆಲ್ಲ ಇಂಥ ಪುಟಕ್ಕೆ ಹಾಕಿ.

ಬರೀ ಪಟ್ಟಿ ಇಟ್ರೆ ಸಾಲದು, ಉಪಯೋಗದ ಮಾತು ಬರೀಬೇಕು. ನಮ್ಮ ತೆಂಗಿನ ಸಸಿ ಪುಟದ ಮೇಲೆ ನಾನೇ ಒಂದು ಪುಟದಷ್ಟು ಬರೆದೆ: ಸಸಿಗೆ ಒಂದು ವರ್ಷದ ಆಸುಪಾಸು ಆಗಿರಬೇಕು, ಕನಿಷ್ಠ ಆರು ಎಲೆ ಇರಬೇಕು, ಬುಡದ ಸುತ್ತಳತೆ 10 ಸೆಂಟಿಮೀಟರ್ ಇರಬೇಕು, ಎಲೆ ಬೇಗ ಸೀಳಿರೋ ಸಸಿ ಒಳ್ಳೇದು. ಕಾಸರಗೋಡಿನ ಸಿಪಿಸಿಆರ್‌ಐ ಕೂಡ ಇದನ್ನೇ ಹೇಳೋದು. ತಿಪಟೂರು ಟಾಲ್ ಸಸಿ ಕೇಳುವಾಗ ತಾಯಿಮರ ತೋರಿಸಿ ಅಂತ ಕೇಳಿ ಅಂತಲೂ ಬರೆದೆ. ಮಾರೋರಲ್ಲಿ ಕೆಲವರಿಗೆ ಸಿಟ್ಟು ಬಂತು. ಕೊಳ್ಳೋರು ಮಾತ್ರ ಆ ಪುಟವನ್ನೇ ವಾಟ್ಸಾಪ್‌ನಲ್ಲಿ ಕಳಿಸ್ಕೊಳ್ಳೋಕೆ ಶುರು ಮಾಡಿದರು. ಈಗ ನಮ್ಮ ಸೈಟ್‌ಗೆ ಗೂಗಲ್‌ನಿಂದ ಬರೋರು ಹೆಚ್ಚಾಗಿ ಈ ಪುಟದಿಂದಲೇ ಬರ್ತಾರೆ.

ಇಲ್ಲೇ ಇನ್ನೊಂದು ಗುಂಡಿ ಇದೆ. ಉಮೇದಿನಲ್ಲಿ ಜಿಲ್ಲೆಯ ಎಲ್ಲ ಹೋಬಳಿ, ಎಲ್ಲ ಸರಕಿಗೂ ಪುಟ ಮಾಡಿಬಿಡ್ತೀವಿ. ಒಳಗೆ ನೋಡಿದ್ರೆ "ಯಾವುದೇ ಜಾಹೀರಾತು ಇಲ್ಲ". ಇಂಥ ಖಾಲಿ ಪುಟ ಸೈಟ್‌ಮ್ಯಾಪ್‌ಗೆ ಹಾಕಬೇಡಿ. ನಮ್ಮಲ್ಲಿ ಮೂರು ಜಾಹೀರಾತಾದ್ರೂ ಬಂದ ಮೇಲೇ ಪುಟ ತೆರೆಯುತ್ತೆ. ಹಾಗೇ ಬೆಲೆ ಕಮ್ಮಿಯಿಂದ ಜಾಸ್ತಿ, ಹೊಸದು ಮೊದಲು, ಫೋಟೋ ಇರೋದು ಮಾತ್ರ ಅಂತ ಜನ ಜರಡಿ ಹಿಡಿದಾಗೆಲ್ಲ ಒಂದೊಂದು ಹೊಸ ವಿಳಾಸ ಹುಟ್ಟುತ್ತೆ. ಸರಕು ಅದೇ, ವಿಳಾಸ ನೂರು. ಅವು ಯಾವುದೂ ಸೈಟ್‌ಮ್ಯಾಪ್‌ನಲ್ಲಿ ಇರಬಾರದು, ಪ್ರತಿಯೊಂದರಲ್ಲೂ ಮೂಲ ಪುಟ ಇದು ಅಂತ ಕೆನೋನಿಕಲ್ ಗುರುತು ಇರಬೇಕು.

ಮತ್ತೆ, ಗೂಗಲ್‌ಬಾಟ್ ಗುಂಡಿ ಒತ್ತೋದಿಲ್ಲ. "ಇನ್ನಷ್ಟು ನೋಡಿ" ಒತ್ತಿದ ಮೇಲೆ ಬರೋ ಜಾಹೀರಾತಿಗೆ ಬೇರೆ ಎಲ್ಲೂ ಲಿಂಕ್ ಇಲ್ಲದಿದ್ರೆ ಅದಕ್ಕೆ ಸೈಟ್‌ಮ್ಯಾಪ್ ಒಂದೇ ದಾರಿ. 1, 2, 3 ಅಂತ ಪುಟದ ಸಂಖ್ಯೆಯ ಲಿಂಕ್ ಕೊಡಿ.

ಈ ಗುಂಡಿ ಒತ್ತದಿರೋ ಗುಣವನ್ನ ಒಂದು ಕಡೆ ನಾವು ಉಪಯೋಗಕ್ಕೆ ತಗೊಂಡ್ವಿ. ಮಾರೋರ ಮೊಬೈಲ್ ನಂಬರ್ ಮೊದಲು ಶೀರ್ಷಿಕೆಯಲ್ಲೇ ಇರ್ತಿತ್ತು, ಅದು ಗೂಗಲ್ ಫಲಿತಾಂಶದಲ್ಲಿ ಹಾಗೇ ಕಾಣ್ತಿತ್ತು. ಹಸು ಮಾರಿ ವರ್ಷ ಆದ್ರೂ ಕರೆ ನಿಲ್ಲಲ್ಲ. ಜೊತೆಗೆ ಮೋಸಗಾರರು. "ಮಿಲಿಟರಿಯವನು, ಹಸು ನೋಡೋದೇ ಬೇಡ, ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅನ್ನೋ ಕಥೆ ನಮ್ಮ ಪಕ್ಕದ ಮನೆಯ ಚಿಕ್ಕಪ್ಪನಿಗೂ ಬಂದಿತ್ತು. ದುಡ್ಡು ಬರೋಕೆ ಯುಪಿಐ ಪಿನ್ ಯಾವತ್ತೂ ಬೇಕಿಲ್ಲ. ಹೋಗೇಬಿಡ್ತು ಅಂದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಈಗ ನಮ್ಮಲ್ಲಿ ಗುಂಡಿ ಒತ್ತಿದ್ರೆ ಮಾತ್ರ ನಂಬರ್ ಬರುತ್ತೆ, ಪುಟದ ಬರಹದಲ್ಲಿ ಎಲ್ಲೂ ಇರಲ್ಲ.

ನಮ್ಮೂರ ಹೆಸರು, ನಮ್ಮ ಅಕ್ಷರ

ಊರಿನ ಹೆಸರಿನ ತಾಪತ್ರಯ ಬೇರೇನೇ. ಒಬ್ಬರು ಅರಸೀಕೆರೆ ಅಂತ ದೀರ್ಘ ಹಾಕ್ತಾರೆ, ಇನ್ನೊಬ್ಬರು ಅರಸಿಕೆರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಅರ್ಸಿಕೆರೆ. ಹಳೇಬೀಡಿಗಂತೂ ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್. ಗಂಡಸಿ ಅಂತ ಟೈಪ್ ಮಾಡಿದ್ರೆ ನನ್ನ ಫೋನಿನ ಕೀಬೋರ್ಡು "ಗಂಡಸು" ಅಂತ ತಿದ್ದೋಕೆ ಬರುತ್ತೆ! ಅದಕ್ಕೆ ಊರು ಒಂದೇ ಬರೀಬೇಡಿ. "ಗಂಡಸಿ, ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ" ಅಂತ ಪೂರ್ತಿ ಬರೆಯಿರಿ, ವಿಭಾಗದ ಪುಟದಲ್ಲಿ ಇಂಗ್ಲಿಷ್ ಅಕ್ಷರದಲ್ಲೂ ಒಂದು ಸಲ ಬರಲಿ. ಜನ ಕನ್ನಡದಲ್ಲೂ ಹುಡುಕ್ತಾರೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೂ ಹುಡುಕ್ತಾರೆ, ಬಾಯಲ್ಲಿ ಹೇಳಿಯೂ ಹುಡುಕ್ತಾರೆ. ಹಾಗಂತ ಹತ್ತು ಸ್ಪೆಲ್ಲಿಂಗ್ ಸಾಲಾಗಿ ತುರುಕಿದ್ರೆ ಗೂಗಲ್ ಅದನ್ನ ಕಳ್ಳಾಟ ಅಂತಲೇ ನೋಡುತ್ತೆ.

ಪುಟದ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡೋದು ನನಗೆ ಸರಿ ಅನ್ಸುತ್ತೆ. ಕನ್ನಡದಲ್ಲಿಟ್ರೆ ಗೂಗಲ್‌ಗೇನೂ ತೊಂದರೆ ಇಲ್ಲ. ಆದ್ರೆ ವಾಟ್ಸಾಪ್‌ಗೆ ಕಾಪಿ ಮಾಡಿದಾಗ ಶೇಕಡಾ ಚಿಹ್ನೆ, ಅಂಕಿ ಎಲ್ಲ ಸೇರಿ ಮಾರುದ್ದ ಆಗುತ್ತೆ, ನೋಡಿದೋರು ವೈರಸ್ ಅಂದ್ಕೋತಾರೆ.

ಪೇಟೆಯ ಡಿಟಿಪಿ ಅಂಗಡಿಯಲ್ಲಿ ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನ ಹಾಗೇ ತಂದು ಅಂಟಿಸೋರೂ ಇದಾರೆ. ಅದು ಯೂನಿಕೋಡ್ ಅಲ್ಲ. ಫಾಂಟ್ ಇರೋ ಕಂಪ್ಯೂಟರಲ್ಲಿ ಕನ್ನಡ ಕಾಣುತ್ತೆ, ಗೂಗಲ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತೆ. ಯೂನಿಕೋಡ್‌ಗೆ ಬದಲಾಯಿಸಿಯೇ ಹಾಕಿ. ಚೆಂದದ ಪೋಸ್ಟರ್ ಮಾಡಿ ವಿವರವನ್ನೆಲ್ಲ ಚಿತ್ರದೊಳಗೇ ಬರೆಯೋದೂ ಬೇಡ, ಅದೇ ಮಾತನ್ನ ಪುಟದಲ್ಲಿ ಅಕ್ಷರವಾಗಿ ಬರೆಯಿರಿ.

ಜಾಹೀರಾತು ಹಾಕೋ ರೈತರಿಗೂ ಇದೇ ಮಾತು. "ಅರ್ಜೆಂಟ್ ಮಾರಾಟಕ್ಕಿದೆ, ಕರೆ ಮಾಡಿ" ಅಂತ ಯಾರೂ ಹುಡುಕಲ್ಲ. "ಹಳ್ಳಿಕಾರ್ ಎತ್ತು, ಜೋಡಿ, ಎರಡು ಹಲ್ಲು, ಜಾವಗಲ್ ಹೋಬಳಿ" ಅಂತ ಬರೆಯಿರಿ. ಬೆಲೆ ಬರೆಯೋಕೆ ಹೆದರಬೇಡಿ. ಹಗಲು ಬೆಳಕಲ್ಲಿ ತೆಗೆದ ಎರಡು ಫೋಟೋ ಸಾಕು, ಗಾತ್ರ ಕುಗ್ಗಿಸಿ ಹಾಕಿ. ಗೂಗಲ್ ಈಗ ನಿಮ್ಮ ಸೈಟನ್ನ ಮೊಬೈಲ್‌ನಲ್ಲಿ ಕಾಣೋ ಹಾಗೇ ನೋಡಿ ಅಳೆಯುತ್ತೆ. ತೋಟದ ಮೂಲೆಯಲ್ಲಿ ಒಂದು ಕಡ್ಡಿ ಸಿಗ್ನಲ್ ಇದ್ದಾಗ ಪುಟ ತೆರೆಯುತ್ತಾ ಅಂತ ನೀವೇ ನಿಂತು ನೋಡಿ.

ಇನ್ನು, ತಿಂಗಳಿಗಿಷ್ಟು ಕೊಡಿ, ಮೊದಲ ಸ್ಥಾನ ಗ್ಯಾರಂಟಿ ಅನ್ನೋರು. ನಾವೂ ಒಬ್ಬರಿಗೆ ಮೂರು ತಿಂಗಳು ಕೊಟ್ವಿ. ಎಲ್ಲೆಲ್ಲೋ ಸಂಬಂಧವಿಲ್ಲದ ಕಡೆ ನಮ್ಮ ಲಿಂಕ್ ಹಾಕಿಸಿ ಒಂದು ಎಕ್ಸೆಲ್ ಶೀಟ್ ಕಳಿಸಿದರು. ಇಂಡೆಕ್ಸಿಂಗ್ ಎಪಿಐನಿಂದ ಒಂದೇ ಗಂಟೆಯಲ್ಲಿ ಗೂಗಲ್‌ಗೆ ಸೇರಿಸ್ತೀವಿ ಅಂತಾನೂ ಹೇಳ್ತಾರೆ. ಗೂಗಲ್ ಅದನ್ನ ಕೊಟ್ಟಿರೋದು ಉದ್ಯೋಗದ ಜಾಹೀರಾತು ಮತ್ತು ನೇರ ಪ್ರಸಾರದ ವಿಡಿಯೋ ಪುಟಕ್ಕೆ ಮಾತ್ರ, ಹಸು ಹುಲ್ಲಿಗಲ್ಲ.

ಕೊನೇದಾಗಿ ಸೀಸನ್ನಿನ ವಿಷಯ. ಹೊಸ ಪುಟವನ್ನ ಗೂಗಲ್ ನೋಡಿ, ಸೇರಿಸಿ, ಒಂದು ಜಾಗಕ್ಕೆ ತರೋಕೆ ದಿನಗಳಿಂದ ವಾರಗಳೇ ಹಿಡಿಯುತ್ತೆ. ಮುಂಗಾರು ಹತ್ತಿಕೊಂಡು ಜನ ಗುಂಡಿ ತೆಗೆದ ಮೇಲೆ ಸಸಿಯ ಪುಟ ಮಾಡಿದ್ರೆ, ಅದು ಕಾಣೋ ಹೊತ್ತಿಗೆ ನೆಟ್ಟು ಮುಗಿದಿರುತ್ತೆ. ನಾವು ತೆಂಗಿನ ಸಸಿ ಪುಟವನ್ನ ಮಾರ್ಚ್‌ನಲ್ಲೇ ತಿದ್ದಿ ತಾರೀಖು ಬದಲಾಯಿಸ್ತೀವಿ, ರಾಗಿ ಹುಲ್ಲಿನದನ್ನ ಕೊಯ್ಲಿಗೆ ಮುಂಚೆ, ಅಕ್ಟೋಬರ್‌ನಲ್ಲಿ. ಬೇಲೂರಿನ ಆ ಅಣ್ಣ ಈ ಸಲ ಡಿಸೆಂಬರ್‌ನಲ್ಲೇ ಫೋನ್ ಮಾಡಿದ್ದರು, "ಪುಟದಾಗೆ ನಾಲ್ಕು ಅವೆ, ನಾಲ್ಕೂ ನಿಜವಾಗ್ಲೂ ಅವೇನಪ್ಪ?" ಅಂತ. ಕೇಳಿ ನೋಡಿದೆ, ಮೂರು ಇದ್ದವು. ನಾಲ್ಕನೇದು ಹಿಂದಿನ ರಾತ್ರಿಯಷ್ಟೇ ಮಾರಿಹೋಗಿತ್ತು.